ಹೊರಗೆ ಸ್ನೋ, ಒಳಗೆ ಮಿರ್ಚಿ-ಮಂಡಕ್ಕಿ: ತೂಕ ಇಳಿಯೋದು ಹೇಗೆ?

ಪ್ರಶ್ನೆ: ನನಗೆ 39 ವರ್ಷ. ಎತ್ತರ 158 ಸೆಂ.ಮೀ. ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ, ಮಿನಿಯಾಪೊಲಿಸ್ ಪಕ್ಕದ ಊರಿನಲ್ಲಿ 9 ವರ್ಷದಿಂದ ಇದ್ದೇವೆ. ನಾನು, ನಮ್ಮ ಯಜಮಾನರು, 11 ಮತ್ತು 7 ವರ್ಷದ ಇಬ್ಬರು ಮಕ್ಕಳು. ನನ್ನದು ಮನೆಯಿಂದಲೇ ಕೆಲಸ. ಅಕ್ಟೋಬರಿನಲ್ಲಿ ದಾವಣಗೆರೆಯಿಂದ ಅತ್ತೆ, ಮಾವ ಬಂದಿದ್ದಾರೆ. ಮಾರ್ಚ್ ಕೊನೆಗೆ ಹೊರಡುತ್ತಾರೆ. ಸೆಪ್ಟೆಂಬರಿನಲ್ಲಿ ಮನೆಯ ತೂಕದ ಮಿಷನ್ 67.5 ಕೆ.ಜಿ. ತೋರಿಸಿತ್ತು. ಸಂಕ್ರಾಂತಿ ಮುಗಿಸಿ ಡಾಕ್ಟರ ಹತ್ತಿರ ಹೋದರೆ 71! ಎಚ್‌ಬಿಎ1ಸಿ ಅನ್ನುವ ಸಕ್ಕರೆ ಪರೀಕ್ಷೆ 5.9 ಬಂದಿದೆ. ಇಳಿಸಿ ಅಂದರು, ಅಷ್ಟೇ.

ಅತ್ತೆ ದಿನಾ ಸಾಯಂಕಾಲ ಮಂಡಕ್ಕಿ ಜೊತೆ ಮಿರ್ಚಿ ಕರಿಯುತ್ತಾರೆ. ಬೇಡ ಅಂದರೆ ಮುಖ ಸಣ್ಣದಾಗುತ್ತದೆ. "ಚಳಿಗೆ ತುಪ್ಪ ತಿನ್ನದಿದ್ರೆ ಮೈಯಲ್ಲಿ ಶಕ್ತಿ ಎಲ್ಲಿಂದ ಬರ್ಬೇಕು" ಅಂತಾರೆ. ನಾನು ಡಿಸೆಂಬರಿನಿಂದ ರಾತ್ರಿ ಊಟ ಬಿಟ್ಟಿದ್ದೇನೆ. ಆದರೂ ಹತ್ತು ಗಂಟೆಗೆ ಹಸಿವು ತಡೆಯದೆ ಡಬ್ಬಿಗೆ ಕೈ ಹಾಕುತ್ತೇನೆ. ಬೇಸ್‌ಮೆಂಟಿನಲ್ಲಿ ಟ್ರೆಡ್‌ಮಿಲ್ ಇದೆ, ಅದರ ಮೇಲೆ ಬಟ್ಟೆ ಒಣಗುತ್ತಿದೆ. ಯಜಮಾನರಿಗೆ 46, ಬಿ.ಪಿ. ಮಾತ್ರೆ ತಗೊಳ್ತಾರೆ. ಸ್ನೋ ಎತ್ತೋದೇ ನನ್ನ ಜಿಮ್ ಅಂತಾರೆ. ಚಳಿಗೇ ತೂಕ ಏರುತ್ತದಾ? ಥೈರಾಯ್ಡ್ ಇರಬಹುದಾ? ಗೆಳತಿ ಒಬ್ಬಳು ಇಂಜೆಕ್ಷನ್ ತಗೊಂಡು 12 ಕೆ.ಜಿ. ಇಳಿದಿದ್ದಾಳೆ. ನಾನೂ ಕೇಳಲಾ? ದಿನಾ ಮೂರು ಮಗ್ ಫಿಲ್ಟರ್ ಕಾಫಿ ಕುಡಿಯುತ್ತೇನೆ, ಹಾಫ್ ಅಂಡ್ ಹಾಫ್ ಹಾಕಿ. ಅದನ್ನು ಮಾತ್ರ ಬಿಡು ಅನ್ನಬೇಡಿ.

ಉತ್ತರ: ಕಾಫಿ ಬಿಡಿ ಅನ್ನುವುದಿಲ್ಲ. ಆದರೆ ಅದರ ಬಗ್ಗೆ ನಾಲ್ಕು ಮಾತು ಇದೆ, ಆಮೇಲೆ ಬರುತ್ತೇನೆ.

ನೀವು ಐದಾರು ಪ್ರಶ್ನೆ ಕೇಳಿದ್ದೀರಿ. ನನಗೆ ಕೇಳಿಸಿದ್ದು ಒಂದೇ. ಮನೆ ತುಂಬ ಜನ ಇರುವಾಗ, ಯಾರ ಮನಸ್ಸಿಗೂ ನೋವಾಗದ ಹಾಗೆ, ನಾನೊಬ್ಬಳು ತೂಕ ಇಳಿಸಿಕೊಳ್ಳಬಹುದಾ ಅಂತ. ಇಳಿಸಿಕೊಳ್ಳಬಹುದು. ಆದರೆ ನಿಮಗೊಂದು ಅಡುಗೆ, ಮನೆಯವರಿಗೊಂದು ಅಡುಗೆ ಅಂತ ಶುರು ಮಾಡಿದರೆ ಆಗುವುದಿಲ್ಲ. ಮಿನ್ನೆಸೋಟದಲ್ಲಿ 16 ವರ್ಷದಿಂದ ಡಯಟಿಷಿಯನ್ ಆಗಿದ್ದೇನೆ. ಒಬ್ಬರು ಸಲಾಡ್ ತಟ್ಟೆ ಹಿಡಿದು, ಉಳಿದವರು ಬಜ್ಜಿ ತಟ್ಟೆ ಹಿಡಿದು ಕೂತ ಮನೆಯಲ್ಲಿ ಆ ಸಲಾಡ್ ಎರಡು ವಾರ ದಾಟಿದ್ದನ್ನು ನಾನು ನೋಡಿಲ್ಲ.

ಮೊದಲು ಲೆಕ್ಕ ಸರಿ ಮಾಡಿಕೊಳ್ಳೋಣ. ಸೆಪ್ಟೆಂಬರಿನ 67.5 ಮನೆಯ ಮಿಷನ್ನಿನದು. ಬಹುಶಃ ಬೆಳಿಗ್ಗೆ, ತೆಳು ಬಟ್ಟೆಯಲ್ಲಿ ನೋಡಿದ್ದು. ಜನವರಿಯ 71 ಕ್ಲಿನಿಕ್ಕಿನದು. ಬೂಟು ಬಿಚ್ಚಿದ್ರಾ? ಸ್ವೆಟರ್, ಒಳಗಿನ ಥರ್ಮಲ್, ಜೀನ್ಸ್, ಬೆಳಗಿನ ತಿಂಡಿ, ಎಲ್ಲ ಸೇರಿ ಒಂದೂವರೆ, ಎರಡು ಕೆ.ಜಿ. ಸುಮ್ನೆ ಕೂಡಿಕೊಳ್ಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಖಾರದ ತಿಂಡಿ ಜಾಸ್ತಿ ತಿಂದ ವಾರ ಮೈ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ನಿಜವಾಗಿ ಏರಿದ್ದು ಮೂರೂವರೆ ಕೆ.ಜಿ. ಇರಲಿಕ್ಕಿಲ್ಲ, ಎರಡರ ಆಸುಪಾಸು ಇರಬಹುದು. ನಾಳೆ ಬೆಳಿಗ್ಗೆ ಎದ್ದು, ಕಾಫಿಗೂ ಮುಂಚೆ, ಮನೆಯ ಮಿಷನ್ನಿನ ಮೇಲೇ ನಿಲ್ಲಿ. ಆ ನಂಬರನ್ನೇ ಆರಂಭ ಅಂತ ಬರೆದುಕೊಳ್ಳಿ. ಆಮೇಲೆ ವಾರಕ್ಕೆ ಒಂದೇ ಸಲ, ಅದೇ ದಿನ, ಅದೇ ಹೊತ್ತು. ದಿನಾ ಹತ್ತಿ ಇಳಿದರೆ ತಲೆ ಕೆಡುತ್ತದೆ ಅಷ್ಟೇ.

ಹಾಗಂತ ಪೂರ್ತಿ ನಿರಾಳ ಆಗಬೇಡಿ. 71ಕ್ಕೆ ನಿಮ್ಮ ಬಿ.ಎಂ.ಐ., ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, 28.4. ಬಿಳಿಯರಿಗೆ 25 ದಾಟಿದರೆ ತೂಕ ಜಾಸ್ತಿ ಅಂತ ಲೆಕ್ಕ. ನಮ್ಮವರಿಗೆ 23ಕ್ಕೇ ಎಚ್ಚರಿಕೆ. ನಮಗೆ ಕೊಬ್ಬು ಹೊಟ್ಟೆಯ ಸುತ್ತ ಬೇಗ ಸೇರುತ್ತದೆ, ಸಕ್ಕರೆ ಕಾಯಿಲೆಯೂ ಕಮ್ಮಿ ತೂಕಕ್ಕೇ ಬರುತ್ತದೆ. ಒಂದು ಟೇಪ್ ತಗೊಂಡು ಹೊಕ್ಕುಳಿನ ಮಟ್ಟದಲ್ಲಿ ಸೊಂಟ ಅಳೆದು ನೋಡಿ. ನಮ್ಮ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ದಾಟಬಾರದು ಅಂತ ಹೇಳುತ್ತೇವೆ. ಎಚ್‌ಬಿಎ1ಸಿ 5.9 ಅಂದರೆ ಸಕ್ಕರೆ ಕಾಯಿಲೆ ಅಲ್ಲ, ಅದರ ಬಾಗಿಲಿನ ಹತ್ತಿರ. 5.7ರಿಂದ 6.4ರವರೆಗೆ ಈ ಹಂತ. ಇನ್ನೊಂದು ವಿಷಯವನ್ನು ಡಾಕ್ಟರಿಗೆ ನೆನಪಿಸಿ. ಕಬ್ಬಿಣಾಂಶ ಕಮ್ಮಿ ಇದ್ದರೆ ಈ ನಂಬರ್ ಸ್ವಲ್ಪ ಮೇಲೆ ಬರಬಹುದು. ಮುಟ್ಟಿನಲ್ಲಿ ಜಾಸ್ತಿ ಹೋಗುತ್ತಿದ್ದರೆ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಎರಡನ್ನೂ ನೋಡಿಸಿ. ಯಾವುದಾದರೂ ಬಸುರಿನಲ್ಲಿ ಸಕ್ಕರೆ ಏರಿತ್ತಾ ಅನ್ನೋದನ್ನೂ ಹೇಳಿ.

ಈಗ ಚಳಿಯ ವಿಷಯ. ಚಳಿಗೆ ತೂಕ ಏರುತ್ತದೆ ಅನ್ನೋದೂ ಪೂರ್ತಿ ನಿಜವಲ್ಲ, ಚಳಿಗೆ ಕೊಬ್ಬು ಕರಗುತ್ತದೆ ಅನ್ನೋದೂ ಪೂರ್ತಿ ನಿಜವಲ್ಲ. ನಡುಗುವಷ್ಟು ಚಳಿಯಲ್ಲಿ ದೇಹ ಶಾಖಕ್ಕಾಗಿ ಶಕ್ತಿ ಸುಡುತ್ತದೆ, ಹೌದು. ಆದರೆ ನೀವು ಎಲ್ಲಿ ನಡುಗುತ್ತೀರಿ ಹೇಳಿ? ಮನೆಯೊಳಗೆ ಹೀಟರ್ 70 ಡಿಗ್ರಿ ಫ್ಯಾರನ್‌ಹೀಟಿಗೆ, ಅಂದರೆ 21 ಸೆಲ್ಸಿಯಸ್‌ಗೆ ಇಟ್ಟಿರುತ್ತೀರಿ. ಗ್ಯಾರೇಜಿನಲ್ಲಿ ಕಾರು ಹತ್ತಿ ಅಂಗಡಿಯ ಬಾಗಿಲಲ್ಲಿ ಇಳಿಯುತ್ತೀರಿ. ದಾವಣಗೆರೆಯ ಡಿಸೆಂಬರ್ ಬೆಳಗಿನ ಜಾವಕ್ಕಿಂತ ನಿಮ್ಮ ಮನೆ ಬೆಚ್ಚಗಿದೆ. ಅತ್ತೆಯವರ ಮಾತು ಅವರ ಕಾಲಕ್ಕೆ ಸರಿಯೇ ಇತ್ತು. ನಸುಕಿಗೆ ಎದ್ದು, ತಣ್ಣೀರು ಸೇದಿ, ಹೊಲಕ್ಕೆ ಹೋಗುವವರು ತುಪ್ಪ ತಿಂದರೆ ಸುಟ್ಟುಹೋಗುತ್ತಿತ್ತು. ಒಂದು ದೊಡ್ಡ ಚಮಚ ತುಪ್ಪ ಅಂದರೆ ಸುಮಾರು 120 ಕ್ಯಾಲೊರಿ. ಝೂಮ್ ಮೀಟಿಂಗಿನಲ್ಲಿ ಕೂತವರಿಗೆ ಅದು ಸುಡುವುದಿಲ್ಲ. ಬಿಸಿ ಅನ್ನದ ಮೇಲೆ ಟೀ ಚಮಚದಲ್ಲಿ ಒಂದು ಹಾಕಿಕೊಳ್ಳಿ, ಪರವಾಗಿಲ್ಲ. ಘಮ ಅಷ್ಟೇ ಬರುತ್ತದೆ.

ಥೈರಾಯ್ಡ್ ಬಗ್ಗೆ ಒಂದೇ ಮಾತು. ಟಿ.ಎಸ್.ಎಚ್. ಅನ್ನುವ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ, ಅನುಮಾನ ಇಟ್ಟುಕೊಂಡು ಕೂರಬೇಡಿ. ಥೈರಾಯ್ಡ್ ಕಮ್ಮಿಯಾದರೂ ಸಾಮಾನ್ಯವಾಗಿ ಏರುವುದು 2ರಿಂದ 5 ಕೆ.ಜಿ., ಅದರಲ್ಲೂ ಬಹುಪಾಲು ಉಪ್ಪು, ನೀರು. ಕೂದಲು ಉದುರುವುದು, ಮಲಬದ್ಧತೆ, ವಿಪರೀತ ಸುಸ್ತು ಇದ್ದರೆ ಅದನ್ನೂ ಹೇಳಿ. ವಿಟಮಿನ್ ಡಿ ಕೂಡ ಹಾಗೇ. ಇಲ್ಲಿನ ಚಳಿಗಾಲದ ಬಿಸಿಲಿನಲ್ಲಿ, ಅದೂ ನಮ್ಮ ಕಪ್ಪು ಚರ್ಮಕ್ಕೆ, ಅದು ಸಿಗುವುದಿಲ್ಲ ಅಂತಲೇ ಲೆಕ್ಕ. ಕಮ್ಮಿ ಇದ್ದರೆ ಮೂಳೆಗೋಸ್ಕರ ಮಾತ್ರೆ ತಗೊಳ್ಳಬೇಕು. ಆದರೆ ಆ ಮಾತ್ರೆಯಿಂದ ತೂಕ ಇಳಿಯುವುದಿಲ್ಲ. ಜೀರಿಗೆ ನೀರು, ಜೇನು-ನಿಂಬೆ ನೀರಿನಿಂದಲೂ ಇಳಿಯುವುದಿಲ್ಲ. ಬಿಸಿಬಿಸಿ ಕುಡಿದರೆ ಹಿತ, ಅಷ್ಟು ಮಾತ್ರ.

ಹಾಗಾದರೆ ಏರಿದ್ದು ಎಲ್ಲಿಂದ? ನಿಮ್ಮ ಪತ್ರದಲ್ಲೇ ಉತ್ತರ ಇದೆ. ಸಾಯಂಕಾಲ ನಾಲ್ಕೂವರೆ.

ನಮ್ಮ ಊರಿನವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ಡಿಸೆಂಬರಿನಲ್ಲಿ ಇಲ್ಲಿ ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ. ಹಗಲು 9 ಗಂಟೆಗೂ ಕಮ್ಮಿ. ಸ್ಕೂಲ್ ಬಸ್ಸು ಬರುತ್ತದೆ, ಮಕ್ಕಳು ಬೂಟು, ಸ್ನೋ ಪ್ಯಾಂಟು, ಗ್ಲೌಸು ಎಲ್ಲ ಬಾಗಿಲಲ್ಲಿ ಎಸೆದು "ಅಮ್ಮಾ ಹಸಿವು" ಅಂತ ಒಳಗೆ ಓಡಿ ಬರುತ್ತವೆ. ಕಿಟಕಿಯ ಆಚೆ ಕಪ್ಪು. ಮಾವನವರು ಬೆಳಿಗ್ಗೆಯಿಂದ ಹೊಸ್ತಿಲು ದಾಟಿಲ್ಲ. ಅತ್ತೆಯವರಿಗೆ ಇಡೀ ದಿನದಲ್ಲಿ ತಮ್ಮ ಕೈಯಲ್ಲಿರುವ ಕೆಲಸ ಅಂದರೆ ಅದೊಂದೇ, ಬಾಣಲೆ ಇಡುವುದು. ಬೇಸಿಗೆಯಲ್ಲಿ ಇದೇ ಹೊತ್ತಿಗೆ ನೀವೆಲ್ಲ ಎಲ್ಲಿರುತ್ತೀರಿ? ಪಾರ್ಕಿನಲ್ಲಿ, ಕೆರೆ ಸುತ್ತ. ಅಡುಗೆಮನೆಯಲ್ಲಂತೂ ಅಲ್ಲ. ಚಳಿಗಾಲ ಇಡೀ ಮನೆಯನ್ನು ತಂದು ಒಲೆ ಮುಂದೆ ನಿಲ್ಲಿಸುತ್ತದೆ. ನಡೆದಾಟ ಕಮ್ಮಿ, ಬಾಯಾಡಿಸೋದು ಜಾಸ್ತಿ.

ಅಮೆರಿಕದಲ್ಲಿ 195 ಜನರ ತೂಕವನ್ನು ಹಬ್ಬದ ಸೀಸನ್ನಿನ ಹಿಂದೆ ಮುಂದೆ ನೋಡಿದ ಒಂದು ಅಧ್ಯಯನ 2000ರಲ್ಲಿ ಪ್ರಕಟವಾಯಿತು. ಸರಾಸರಿ ಏರಿದ್ದು 0.37 ಕೆ.ಜಿ. ಮಾತ್ರ. ಇಷ್ಟೇನಾ ಅನ್ನಿಸುತ್ತದೆ, ಅಲ್ವಾ? ಆದರೆ ಬೇಸಿಗೆ ಬಂದರೂ ಅದು ವಾಪಸ್ ಇಳಿಯಲಿಲ್ಲ. ಹತ್ತು ಚಳಿಗಾಲ ಹೀಗೆ ಕಳೆದರೆ ಏನಾಗುತ್ತದೆ ನೋಡಿ. ನೀವು ಬಂದು 9 ಆಯಿತು.

ಮಿರ್ಚಿ-ಮಂಡಕ್ಕಿಯಲ್ಲಿ ತಪ್ಪು ಯಾರದು ಅಂತ ಬಿಡಿಸಿ ನೋಡಿ. ಮಂಡಕ್ಕಿ ಪಾಪದ್ದು. ಒಂದು ದೊಡ್ಡ ಬಟ್ಟಲು ತುಂಬ ಹಾಕಿದರೂ 20-25 ಗ್ರಾಂ ತೂಗುತ್ತದೆ, ಅಂದರೆ 90 ಕ್ಯಾಲೊರಿ ಆಸುಪಾಸು. ಮಿರ್ಚಿ ಒಂದೊಂದೂ ಹೆಚ್ಚೂ ಕಮ್ಮಿ 80ರಿಂದ 100. ನಾಲ್ಕು ತಿಂದರೆ ಒಂದು ಊಟ ಆಯಿತು. ಆದರೆ ಊಟ ಮಾಡಿದ ಹಾಗೆ ಅನ್ನಿಸುವುದಿಲ್ಲ, ಅದೇ ತೊಂದರೆ. ಹಾಗಾಗಿ ಮಂಡಕ್ಕಿ ದಿನಾ ಇರಲಿ, ಮಿರ್ಚಿ ಶನಿವಾರಕ್ಕೆ ಇರಲಿ. ಮಂಡಕ್ಕಿಗೆ ಒಗ್ಗರಣೆ ಎರಡು ಟೀ ಚಮಚ ಎಣ್ಣೆಯಲ್ಲಿ, ಮೇಲೆ ಪುಟಾಣಿ, ಈರುಳ್ಳಿ, ಟೊಮೆಟೊ, ಕೊತ್ತಂಬರಿ, ನಿಂಬೆಹುಳಿ. ಜೊತೆಗೆ ಒಂದು ಹಿಡಿ ಮೊಳಕೆ ಹೆಸರುಕಾಳು ಬೇಯಿಸಿ ಹಾಕಿದರೆ ಏಳೂವರೆಯವರೆಗೆ ಹೊಟ್ಟೆ ಕೇಳುವುದಿಲ್ಲ. ಮಕ್ಕಳಿಗೂ ಇದೇ.

ಆದರೆ ಇದನ್ನು ಅತ್ತೆಯವರಿಗೆ ಹೇಳುವುದು ಹೇಗೆ? ಇಲ್ಲಿ ತುಂಬ ಜನ ಎಡವುತ್ತಾರೆ. "ಬೇಡ ಅತ್ತೆ, ಡಯಟ್ ಮಾಡ್ತಿದ್ದೀನಿ" ಅಂದರೆ ಅವರಿಗೆ ಕೇಳಿಸುವುದು "ನಿಮ್ಮ ಕೈ ಅಡುಗೆ ಬೇಡ" ಅಂತ. ಹಾಗಾಗಿ ಬೇಡ ಅನ್ನುವ ಬದಲು ಬೇರೆ ಏನನ್ನಾದರೂ ಬೇಕು ಅನ್ನಿ. "ಅತ್ತೆ, ನಿಮ್ಮ ಕೈಯ ಜೋಳದ ರೊಟ್ಟಿ ತಿಂದು ಎಷ್ಟು ದಿನ ಆಯ್ತು, ನನಗೂ ಬಡಿಯೋಕೆ ಹೇಳಿಕೊಡಿ" ಅಂತ ಕೇಳಿ ನೋಡಿ. ಹೆಸರುಕಾಳು ಪಲ್ಯ, ಮಡಕೆಕಾಳು ಉಸಲಿ, ಸೊಪ್ಪಿನ ಬಸ್ಸಾರು ಕೇಳಿ. ಇಂಡಿಯನ್ ಅಂಗಡಿಯ ಫ್ರೀಜರಿನಲ್ಲಿ ಲಿಲ್ವಾ ಅಂತ ಬರೆದ ಪ್ಯಾಕೆಟ್ ಇರುತ್ತದಲ್ಲ, ಅದು ನಮ್ಮ ಅವರೆಕಾಳೇ. ಜನವರಿಯಲ್ಲಿ ಅವರೆಕಾಳು ಸಾರು ಮಾಡಿ ಅಂದರೆ ಯಾವ ಅತ್ತೆ ತಾನೇ ಇಲ್ಲ ಅಂತಾರೆ? ಮೆಂತ್ಯ, ಪಾಲಕ್ ಫ್ರೀಜರಿನದೂ ಒಳ್ಳೆಯದೇ.

ಎಚ್‌ಬಿಎ1ಸಿ ರಿಪೋರ್ಟನ್ನೂ ಅವರಿಗೆ ತೋರಿಸಿ. ಡಯಟ್ ಅಂದರೆ ಈ ಕಾಲದ ಹುಡುಗಿಯರ ಶೋಕಿ ಅನ್ನಿಸಬಹುದು. "ಸಕ್ಕರೆ ಕಾಯಿಲೆ ಬರೋ ಹಾಗಿದೆಯಂತೆ ಅತ್ತೆ" ಅಂದರೆ ಅದು ಬೇರೆ ಮಾತು. ಅದು ಅವರಿಗೆ ಗೊತ್ತಿರುವ ಭಯ. ನನ್ನ ಹತ್ತಿರ ಬಂದಿದ್ದ ಒಬ್ಬರ ಅತ್ತೆ ಆ ದಿನದಿಂದ ಸೊಸೆಯ ಕಾಫಿಗೆ ತಾವೇ ಸಕ್ಕರೆ ಅಳೆದು ಹಾಕೋಕೆ ಶುರು ಮಾಡಿದರು. ಸ್ವಲ್ಪ ಜಾಸ್ತಿಯೇ ಕಟ್ಟುನಿಟ್ಟಾಯಿತು ಅಂತ ಸೊಸೆ ಆಮೇಲೆ ದೂರು ಹೇಳಿದಳು, ಅದು ಬೇರೆ ಕಥೆ.

ಈಗ ಕಾಫಿ. ಹಾಫ್ ಅಂಡ್ ಹಾಫ್ ಅಂದರೆ ಅರ್ಧ ಹಾಲು, ಅರ್ಧ ಕೆನೆ. ಇಲ್ಲಿನವರು ಅದನ್ನು ಕಪ್ಪು ಕಾಫಿಗೆ ಒಂದು ಚಮಚ ಬಿಟ್ಟುಕೊಳ್ಳುತ್ತಾರೆ. ನಾವು? ಡಿಕಾಕ್ಷನ್ ಅರ್ಧ, ಅದು ಅರ್ಧ. ಅರ್ಧ ಕಪ್ ಹಾಫ್ ಅಂಡ್ ಹಾಫ್ ಅಂದರೆ 155 ಕ್ಯಾಲೊರಿ ಆಸುಪಾಸು. ಎರಡು ಚಮಚ ಸಕ್ಕರೆ ಸೇರಿದರೆ 190 ಹತ್ತಿರ ಹೋಗುತ್ತದೆ. ಮೂರು ಮಗ್‌ಗೆ ಸುಮಾರು 560. ಅದೇ ಡಿಕಾಕ್ಷನ್ನಿಗೆ 2 ಪರ್ಸೆಂಟ್ ಹಾಲನ್ನು ಚೆನ್ನಾಗಿ ಕಾಯಿಸಿ, ಒಂದೇ ಚಮಚ ಸಕ್ಕರೆ ಹಾಕಿದರೆ ಮೂರು ಮಗ್ ಸೇರಿ 230 ಆಸುಪಾಸಿನಲ್ಲಿ ಮುಗಿಯುತ್ತದೆ. ದಿನಕ್ಕೆ 330 ಉಳಿತಾಯ, ಯಾರ ಮನಸ್ಸಿಗೂ ನೋವಿಲ್ಲ. ಒಂದು ಕೆ.ಜಿ. ಕೊಬ್ಬು ಅಂದರೆ ಸುಮಾರು 7700 ಕ್ಯಾಲೊರಿ. ಕಾಗದದ ಮೇಲೆ ಲೆಕ್ಕ ಹಾಕಿದರೆ 23 ದಿನಕ್ಕೆ ಒಂದು ಕೆ.ಜಿ. ದೇಹ ಅಷ್ಟು ನೇರ ಲೆಕ್ಕಕ್ಕೆ ಸಿಗುವುದಿಲ್ಲ, ನಿಧಾನ ಮಾಡುತ್ತದೆ. ಆದರೂ ನಿಮ್ಮ ಪತ್ರದಲ್ಲಿ ಇದಕ್ಕಿಂತ ಸುಲಭದ ಬದಲಾವಣೆ ನನಗೆ ಕಾಣಲಿಲ್ಲ. ಡಿಕಾಕ್ಷನ್ ಗಟ್ಟಿ ಇಳಿಸಿ, ಆಗ ಕೆನೆಯ ನೆನಪು ಬರುವುದಿಲ್ಲ. ಮೂರನೇ ಮಗ್ ಮಾತ್ರ ಮಧ್ಯಾಹ್ನ ಎರಡು ಗಂಟೆ ಒಳಗೆ ಕುಡಿದುಬಿಡಿ, ನಿದ್ದೆಗೋಸ್ಕರ.

ರಾತ್ರಿ ಊಟ ಬಿಡುವುದನ್ನು ನಿಲ್ಲಿಸಿ. ಇದು ನಿಮಗೆ ಕೆಲಸ ಮಾಡುತ್ತಿಲ್ಲ ಅಂತ ನೀವೇ ಬರೆದಿದ್ದೀರಿ. ಏಳೂವರೆಗೆ ಎಲ್ಲರೂ ಊಟಕ್ಕೆ ಕೂತಾಗ ನೀವು ಪಾತ್ರೆ ಒರೆಸುತ್ತಾ ನಿಲ್ಲುತ್ತೀರಿ, ಹತ್ತು ಗಂಟೆಗೆ ಕತ್ತಲಲ್ಲಿ ಚಕ್ಕುಲಿ ಡಬ್ಬಿ ತೆಗೆಯುತ್ತೀರಿ. ಕರಿದ ಖಾರದ ತಿಂಡಿ 100 ಗ್ರಾಂಗೆ 500 ಕ್ಯಾಲೊರಿ ಆಸುಪಾಸು, ಗೋಡಂಬಿ ಅದಕ್ಕೂ ಜಾಸ್ತಿ. ಕಾಸ್ಟ್‌ಕೋದಿಂದ ತಂದ ದೊಡ್ಡ ಡಬ್ಬಿಯಿಂದ ಹಿಡಿ ಹಿಡಿ ತಿಂದರೆ ಎಷ್ಟು ತಿಂದೆವು ಅಂತ ಗೊತ್ತೇ ಆಗುವುದಿಲ್ಲ. ಬಿಟ್ಟ ಊಟಕ್ಕಿಂತ ಇದೇ ದೊಡ್ಡದಾಗುತ್ತದೆ. ರಾತ್ರಿ ಅನ್ನ ತಿಂದರೆ ಮೈಗೆ ಹತ್ತುತ್ತದೆ ಅನ್ನೋದೂ ಹೆದರಿಕೆಯ ಮಾತು. ಹೊತ್ತಿಗಿಂತ ಅಳತೆ ಮುಖ್ಯ. ತಟ್ಟೆಯಲ್ಲಿ ಮೊದಲು ಪಲ್ಯ ಅಥವಾ ಕೋಸಂಬರಿ ಅರ್ಧ ಭಾಗ ಬಡಿಸಿಕೊಳ್ಳಿ. ಕಾಲು ಭಾಗ ಕಾಳು, ಬೇಳೆ, ಮೊಟ್ಟೆ ಅಥವಾ ಮೀನು. ಉಳಿದ ಕಾಲು ಭಾಗ ಅನ್ನ, ಇಲ್ಲವೇ ಎರಡು ರೊಟ್ಟಿ, ಇಲ್ಲವೇ ಸಣ್ಣದೊಂದು ಮುದ್ದೆ. ರಾಗಿ, ಜೋಳ ಒಳ್ಳೆಯದೇ, ಹಾಗಂತ ಎಷ್ಟು ತಿಂದರೂ ನಡೆಯುತ್ತದೆ ಅಂತಲ್ಲ. ಮಕ್ಕಳು ಬಿಟ್ಟಿದ್ದನ್ನು ತಿನ್ನಬೇಡಿ. ಅನ್ನ ಬಿಸಾಡೋಕೆ ಮನಸ್ಸು ಬರೋಲ್ಲ ಅಂದರೆ ಅವರಿಗೆ ಮೊದಲೇ ಕಮ್ಮಿ ಬಡಿಸಿ.

ಹದಿನಾರು ಗಂಟೆ ಉಪವಾಸ ಮಾಡಲಾ ಅಂತ ಮುಂದೆ ಕೇಳುತ್ತೀರಿ ಅಂತ ಗೊತ್ತು. ಕೆಲವರಿಗೆ ಹೊಂದುತ್ತದೆ, ಕಾರಣ ಅವರು ಒಟ್ಟು ತಿನ್ನೋದೇ ಕಮ್ಮಿಯಾಗುತ್ತದೆ. ಹತ್ತು ಗಂಟೆಗೆ ಡಬ್ಬಿ ತೆಗೆಯುವ ಅಭ್ಯಾಸ ಇರುವವರಿಗೆ ನಾನು ಹೇಳುವುದಿಲ್ಲ. ತಿಂಗಳಿಗೆ ಆರೇಳು ಕೆ.ಜಿ. ಇಳಿಸುವ ಗಂಜಿ ಡಯಟ್, ಜ್ಯೂಸ್ ಡಯಟ್ ಅಂತೂ ಬೇಡವೇ ಬೇಡ. ಅಷ್ಟು ಬೇಗ ಇಳಿದರೆ ಪಿತ್ತಕೋಶದಲ್ಲಿ ಕಲ್ಲು ಆಗುವ ಸಾಧ್ಯತೆ ಹೆಚ್ಚು, ಮಾಂಸಖಂಡವೂ ಕರಗುತ್ತದೆ.

ಈಗ ನಿಮ್ಮ ಯಜಮಾನರ ಜಿಮ್ಮಿನ ವಿಷಯ. ಇಡೀ ಪತ್ರದಲ್ಲಿ ನನಗೆ ಗಾಬರಿಯಾದದ್ದು ಇದೊಂದೇ. ಸ್ನೋ ಎತ್ತುವುದು ದೊಡ್ಡ ಕೆಲಸ, ನಿಜ. ಆದರೆ ಹೃದಯಕ್ಕೆ ಅದು ನಡಿಗೆಯ ಹಾಗೆ ಅಲ್ಲ. ಕಾಲು ನಿಂತಲ್ಲೇ ಇರುತ್ತದೆ, ತೋಳು ಭಾರ ಎತ್ತುತ್ತದೆ, ಎತ್ತುವಾಗ ಉಸಿರು ಕಟ್ಟುತ್ತೇವೆ. ಚಳಿಗೆ ರಕ್ತನಾಳ ಮೊದಲೇ ಬಿಗಿದಿರುತ್ತದೆ. ಬಿ.ಪಿ. ಒಮ್ಮೆಲೇ ಜಿಗಿಯುತ್ತದೆ. ವಾರವೆಲ್ಲ ಕೂತು ಕೆಲಸ ಮಾಡಿದವರು ಬೆಳಿಗ್ಗೆ ಎದ್ದವರೇ ಶವಲ್ ಹಿಡಿದರೆ ಹೃದಯಾಘಾತದ ಅಪಾಯ ಇದೆ, ಹೃದ್ರೋಗ ಮೊದಲೇ ಒಳಗೆ ಕೂತಿದ್ದರೆ ಇನ್ನೂ ಜಾಸ್ತಿ. ನಮ್ಮವರಿಗೆ ಅದು ಬೇರೆಯವರಿಗಿಂತ ಚಿಕ್ಕ ವಯಸ್ಸಿಗೇ ಬರುತ್ತದೆ ಅನ್ನೋದೂ ನೆನಪಿರಲಿ.

ಎಲ್ಲಕ್ಕಿಂತ ಕೆಟ್ಟದ್ದು ಯಾವುದು ಗೊತ್ತಾ? ಡ್ರೈವ್‌ವೇ ಪೂರ್ತಿ ಬಳಿದು ಮುಗಿಸಿ ಒಳಗೆ ಬರುವಷ್ಟರಲ್ಲಿ ರಸ್ತೆಯ ಸ್ನೋ ಬಳಿಯುವ ಸಿಟಿಯ ಪ್ಲೋ ಗಾಡಿ ಬಂದು ತುದಿಗೆ ಒಂದು ಗುಡ್ಡೆ ಹಾಕಿ ಹೋಗುತ್ತದಲ್ಲ, ಅದು. ಉಪ್ಪು ಸೇರಿದ, ಒದ್ದೆ, ಗಟ್ಟಿ ಸ್ನೋ. ಒಂದು ಶವಲ್ ತುಂಬಿದರೆ 10 ಪೌಂಡಿನ ಅಕ್ಕಿ ಚೀಲಕ್ಕಿಂತ ಭಾರ. ಸುಸ್ತಾಗಿರುವಾಗ, ಸಿಟ್ಟಿನಲ್ಲಿ, ಆಫೀಸಿಗೆ ಹೊತ್ತಾಯಿತು ಅಂತ ಅದನ್ನು ಎತ್ತಿ ಎಸೆಯುತ್ತಾರೆ. ಅವರಿಗೆ ಹೇಳಿ: ಮೊದಲು ಡಾಕ್ಟರನ್ನು ಕೇಳಬೇಕು. ಅವರು ಸರಿ ಅಂದರೂ ಎತ್ತೋದಕ್ಕಿಂತ ತಳ್ಳಬೇಕು, ಅರ್ಧ ಶವಲ್ ಮಾತ್ರ ತುಂಬಬೇಕು, ಹತ್ತು ನಿಮಿಷಕ್ಕೊಮ್ಮೆ ನಿಲ್ಲಬೇಕು. ಹೊಟ್ಟೆ ತುಂಬ ತಿಂದು ಹೋಗಬಾರದು. ಎದೆ ಹಿಂಡಿದ ಹಾಗೆ, ದವಡೆ ಅಥವಾ ಎಡಗೈ ನೋವು, ತಣ್ಣನೆ ಬೆವರು ಬಂದರೆ "ಗ್ಯಾಸ್ ಇರಬೇಕು" ಅಂತ ಜೆಲುಸಿಲ್ ಹುಡುಕಬೇಡಿ, 911 ಒತ್ತಿ. ಸ್ನೋ ಬ್ಲೋವರ್ ತಗೊಂಡರೆ ಒಳ್ಳೆಯದು. ಪಕ್ಕದ ಮನೆಯ ಹೈಸ್ಕೂಲು ಹುಡುಗನಿಗೆ 20 ಡಾಲರ್ ಕೊಟ್ಟರೆ ಇನ್ನೂ ಒಳ್ಳೆಯದು.

ನಿಮ್ಮ ನಡಿಗೆಗೆ ಬರೋಣ. ಗುರಿ ವಾರಕ್ಕೆ 150 ನಿಮಿಷ, ಒಂದೇ ಸಲ ಅಲ್ಲ. ಊಟ ಆದ ಮೇಲೆ 10-15 ನಿಮಿಷ ನಡೆದರೆ ಸಕ್ಕರೆ ಏರುವುದು ಕಮ್ಮಿಯಾಗುತ್ತದೆ. ನಿಮಗೆ ಅದೇ ಬೇಕಾಗಿರುವುದು. ಮಧ್ಯಾಹ್ನ ಊಟ ಮಾಡಿದವರೇ ಟ್ರೆಡ್‌ಮಿಲ್ ಹತ್ತಿ. ಬಟ್ಟೆ ಒಣಗಿಸೋಕೆ ಒಂದು ಸ್ಟ್ಯಾಂಡ್ ತನ್ನಿ, 25 ಡಾಲರ್ ಒಳಗೆ ಸಿಗುತ್ತದೆ. ಬಿಸಿಲು ಇದ್ದ ದಿನ ಹೊರಗೇ ಹೋಗಿ, ಹಗಲಿನ ಬೆಳಕು ಮನಸ್ಸಿಗೂ ಬೇಕು. ಗಾಳಿ ಮಾತ್ರ ನೋಡಿಕೊಳ್ಳಿ. ಮೈನಸ್ 18 ಸೆಲ್ಸಿಯಸ್ ಇದ್ದು ಗಂಟೆಗೆ 24 ಕಿ.ಮೀ. ಗಾಳಿ ಬೀಸಿದರೆ, ಮುಚ್ಚದ ಚರ್ಮ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಅಂಥ ದಿನ ಬೇಡ.

ಮಾವನವರನ್ನೂ ಸೇರಿಸಿಕೊಳ್ಳಿ, ಆದರೆ ಐಸ್ ಮೇಲೆ ಅಲ್ಲ. ಈ ವಯಸ್ಸಿನಲ್ಲಿ ಜಾರಿ ಸೊಂಟ ಮುರಿದರೆ, ಅದೂ ವಿಸಿಟರ್ ಇನ್ಶೂರೆನ್ಸಿನಲ್ಲಿ, ಇಡೀ ಮನೆ ನಡುಗಿಹೋಗುತ್ತದೆ. ವಾರಕ್ಕೆ ಎರಡು ಬೆಳಿಗ್ಗೆ ಬ್ಲೂಮಿಂಗ್ಟನ್ನಿನ ಮಾಲ್ ಆಫ್ ಅಮೆರಿಕಾಗೆ ಕರೆದುಕೊಂಡು ಹೋಗಿ. ಅಂಗಡಿ ತೆರೆಯುವ ಮುಂಚೆಯೇ ನಡೆಯುವವರಿಗೆ ಅಂತ ಬಾಗಿಲು ತೆರೆದಿರುತ್ತಾರೆ. ಒಂದು ಮಹಡಿ ಸುತ್ತಿದರೇ ಒಳ್ಳೆ ನಡಿಗೆ. ಅಲ್ಲಿ ಓಡಾಡುವ ಜಾಗಕ್ಕೆ ಸೆಂಟ್ರಲ್ ಹೀಟಿಂಗೇ ಇಲ್ಲ. ಚಾವಣಿಯ ಗಾಜಿನಿಂದ ಬರುವ ಬಿಸಿಲು, ದೀಪ, ಜನರ ಮೈಶಾಖ, ಇಷ್ಟರಲ್ಲೇ ಬೆಚ್ಚಗಿರುತ್ತದೆ. ಮಾವನವರಿಗೆ ಇದನ್ನು ಹೇಳಿ, ಅದೇ ಯೋಚನೆಯಲ್ಲಿ ಎರಡು ಸುತ್ತು ಜಾಸ್ತಿ ನಡೆಯುತ್ತಾರೆ.

ನಡಿಗೆ ಒಂದೇ ಸಾಲದು, ಮಾಂಸಖಂಡಕ್ಕೂ ಕೆಲಸ ಬೇಕು. ವಾರಕ್ಕೆ ಎರಡು ದಿನ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು ಹತ್ತು ಸಲ, ಗೋಡೆಗೆ ಕೈಕೊಟ್ಟು ದಂಡ ಹತ್ತು ಸಲ, ಇದೇ ಮೂರು ಸುತ್ತು. ಮಂಡಿ ನೋವು ಇಲ್ಲದಿದ್ದರೆ ಬೇಸ್‌ಮೆಂಟಿನಿಂದ ಮೇಲಿನ ಬೆಡ್‌ರೂಮಿನವರೆಗೆ ಮೆಟ್ಟಿಲು. ಮಡಚಿದ ಬಟ್ಟೆಯನ್ನು ಒಂದೇ ಸಲಕ್ಕೆ ಒಯ್ಯಬೇಡಿ, ನಾಲ್ಕು ಸಲ ಒಯ್ಯಿರಿ.

ಒಂದು ಪ್ರಶ್ನೆ ನೀವು ಕೇಳಿಲ್ಲ, ನಾನೇ ಕೇಳುತ್ತೇನೆ. ನವೆಂಬರಿನಿಂದ ಎಷ್ಟು ಮಲಗಿದರೂ ಸಾಕಾಗುತ್ತಿಲ್ಲವಾ? ಸಿಹಿ, ಬ್ರೆಡ್ಡು, ಅನ್ನವೇ ಬೇಕು ಅನ್ನಿಸುತ್ತದಾ? ಯಾರ ಜೊತೆಗೂ ಮಾತು ಬೇಡ, ಸುಮ್ಮನೆ ಅಳು ಬರುವ ಹಾಗಾಗುತ್ತದಾ? ಪ್ರತಿ ಚಳಿಗಾಲಕ್ಕೂ ಹೀಗೇನಾ? ಹೌದು ಅಂದರೆ ಅದು ಸೋಮಾರಿತನ ಅಲ್ಲ. ಬೆಳಕು ಕಮ್ಮಿಯಾಗುವುದರ ಜೊತೆ ಬರುವ ಈ ಖಿನ್ನತೆಯನ್ನು ವೈದ್ಯರು 1984ರಲ್ಲೇ ಗುರುತಿಸಿ ಹೆಸರಿಟ್ಟಿದ್ದಾರೆ. ಬೆಳಿಗ್ಗೆ ಎದ್ದ ಮೇಲೆ 10,000 ಲಕ್ಸ್ ಬೆಳಕಿನ ಪೆಟ್ಟಿಗೆಯ ಮುಂದೆ ಅರ್ಧ ಗಂಟೆ ಕೂರುವುದು ಎಷ್ಟೋ ಜನರಿಗೆ ಸಹಾಯ ಮಾಡುತ್ತದೆ. ಕಣ್ಣಿನ ತೊಂದರೆ ಅಥವಾ ಬೈಪೋಲಾರ್ (ಮನಸ್ಸು ವಿಪರೀತ ಏರಿ ಇಳಿಯುವ ಕಾಯಿಲೆ) ಇದ್ದವರು ಡಾಕ್ಟರನ್ನು ಕೇಳದೆ ತಗೊಳ್ಳಬಾರದು. ಇದು ಇದ್ದರೆ ಮೊದಲು ಇದಕ್ಕೆ ಚಿಕಿತ್ಸೆ, ಆಮೇಲೆ ತೂಕದ ಮಾತು.

ಇನ್ನು ಇಂಜೆಕ್ಷನ್. ನಾನು ಅದರ ವಿರೋಧಿ ಅಲ್ಲ. ಸೆಮಾಗ್ಲುಟೈಡ್ ಅನ್ನುವ ಇಂಜೆಕ್ಷನ್ ಸುಮಾರು ಒಂದೂವರೆ ವರ್ಷದಲ್ಲಿ ಸರಾಸರಿ 15 ಪರ್ಸೆಂಟ್ ತೂಕ ಇಳಿಸುತ್ತದೆ, ಟಿರ್ಜೆಪಟೈಡ್ ಅದಕ್ಕೂ ಜಾಸ್ತಿ. ಹಸಿವನ್ನೇ ತಗ್ಗಿಸುವ ಔಷಧ ಅದು, ಮೋಸವೂ ಅಲ್ಲ, ಸೋಮಾರಿಗಳ ದಾರಿಯೂ ಅಲ್ಲ. ಇಲ್ಲಿ ಬಿ.ಎಂ.ಐ. 30 ಇದ್ದರೆ, ಇಲ್ಲವೇ 27ರ ಜೊತೆ ಬಿ.ಪಿ., ಕೊಲೆಸ್ಟರಾಲ್ ಥರದ ತೊಂದರೆ ಇದ್ದರೆ ಕೊಡುತ್ತಾರೆ. ನೀವು ಗಡಿಯಲ್ಲಿದ್ದೀರಿ. ಇನ್ಶೂರೆನ್ಸ್ ಒಪ್ಪುತ್ತದಾ ಅನ್ನೋದು ಬೇರೆ ಯುದ್ಧ. ವಾಕರಿಕೆ, ವಾಂತಿ, ಮಲಬದ್ಧತೆ ಸಾಮಾನ್ಯ. ಪಿತ್ತಕೋಶದ ಕಲ್ಲು, ಅಪರೂಪಕ್ಕೆ ಮೇದೋಜ್ಜೀರಕದ ಊತ ಆಗಬಹುದು. ಮೆಡುಲ್ಲರಿ ಅನ್ನುವ ಥೈರಾಯ್ಡ್ ಕ್ಯಾನ್ಸರ್ ಮನೆತನದಲ್ಲಿದ್ದರೆ ತಗೊಳ್ಳುವಂತಿಲ್ಲ. ಮೂರನೇ ಮಗುವಿನ ಯೋಚನೆ ಇದ್ದರೂ ಬೇಡ. ಗರ್ಭನಿರೋಧಕ ಮಾತ್ರೆ ತಗೊಳ್ಳುತ್ತಿದ್ದರೆ ಟಿರ್ಜೆಪಟೈಡ್ ಅದರ ಶಕ್ತಿ ಕಮ್ಮಿ ಮಾಡಬಹುದು, ಡಾಕ್ಟರಿಗೆ ಹೇಳಲೇಬೇಕು. ಇಷ್ಟಾಗಿ ನಿಲ್ಲಿಸಿದರೆ? ಸೆಮಾಗ್ಲುಟೈಡ್ ನಿಲ್ಲಿಸಿ ಒಂದು ವರ್ಷ ಆಗುವಷ್ಟರಲ್ಲಿ ಇಳಿದದ್ದರಲ್ಲಿ ಮೂರರಲ್ಲಿ ಎರಡು ಪಾಲು ಸರಾಸರಿ ವಾಪಸ್ ಬಂದಿದೆ. ಗೆಳತಿಯನ್ನು ಇದನ್ನೂ ಕೇಳಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಈಗಲೇ ಕೇಳುತ್ತಿರಲಿಲ್ಲ. ಕಾರಣ ಇದೆ. 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ನಿಮ್ಮ ಹಾಗೆ ಸಕ್ಕರೆ ಕಾಯಿಲೆಯ ಬಾಗಿಲಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ನೋಡಿತು. 7 ಪರ್ಸೆಂಟ್ ತೂಕ ಇಳಿಸುವುದು, ವಾರಕ್ಕೆ 150 ನಿಮಿಷ ನಡೆಯುವುದು, ಇದೇ ಅವರಿಗೆ ಕೊಟ್ಟ ಗುರಿ. ಆ ಗುಂಪಿನಲ್ಲಿ ಸಕ್ಕರೆ ಕಾಯಿಲೆ ಬರುವುದು 58 ಪರ್ಸೆಂಟ್ ಕಮ್ಮಿಯಾಯಿತು. ಮೆಟ್‌ಫಾರ್ಮಿನ್ ಅನ್ನುವ ಸಕ್ಕರೆ ಕಾಯಿಲೆಯ ಮಾತ್ರೆ ತಗೊಂಡವರಲ್ಲಿ 31. ನಿಮಗೆ 7 ಪರ್ಸೆಂಟ್ ಅಂದರೆ 5 ಕೆ.ಜಿ. ಅಷ್ಟೇ, 20 ಅಲ್ಲ. ಆರು ತಿಂಗಳು ಪ್ರಯತ್ನಿಸಿ ನಂಬರ್ ಅಲ್ಲಾಡದಿದ್ದರೆ, ಅಥವಾ ಎಚ್‌ಬಿಎ1ಸಿ ಏರುತ್ತಾ ಹೋದರೆ, ಆಗ ಮಾತ್ರೆ ಅಥವಾ ಇಂಜೆಕ್ಷನ್ ಬಗ್ಗೆ ಯಾವ ಸಂಕೋಚವೂ ಇಲ್ಲದೆ ಡಾಕ್ಟರ ಹತ್ತಿರ ಕೂತು ಮಾತಾಡಿ.

ಮಾರ್ಚ್ ಕೊನೆಯವರೆಗೆ ಒಂದು ಕೆ.ಜಿ. ಇಳಿದರೂ ನನಗೆ ಖುಷಿ. ಏರದೆ ನಿಂತರೂ ಖುಷಿಯೇ. ಮನೆಯಲ್ಲಿ ಹಿರಿಯರಿದ್ದಾರೆ, ಹೊರಗೆ ಐಸ್ ಇದೆ, ಇದು ಗುದ್ದಾಡುವ ಕಾಲ ಅಲ್ಲ. ಬೆಳಕು ಏಪ್ರಿಲ್‌ಗೆ ಎಂಟು ಗಂಟೆವರೆಗೆ ಇರುತ್ತದೆ, ವೇಗ ಆಗ ಬರಲಿ. ಎಚ್‌ಬಿಎ1ಸಿ ಮೂರು ತಿಂಗಳ ಸಕ್ಕರೆಯ ಲೆಕ್ಕ ಹೇಳುತ್ತದೆ, ಹಾಗಾಗಿ ಅದಕ್ಕಿಂತ ಮುಂಚೆ ಮಾಡಿಸಿ ಪ್ರಯೋಜನ ಇಲ್ಲ. ಏಪ್ರಿಲ್ ಮಧ್ಯದಲ್ಲಿ ಮಾಡಿಸಿ, ಜೊತೆಗೆ ಟಿ.ಎಸ್.ಎಚ್. ಇನ್ನೂ ಆಗಿಲ್ಲದಿದ್ದರೆ ಅದೂ ಆಗಲಿ. ಎರಡೂ ನಂಬರ್ ನನಗೆ ಬರೆದು ಕಳಿಸಿ. ತೂಕ ಮಾತ್ರ ಮನೆಯ ಮಿಷನ್ನಿನದೇ ಇರಲಿ, ಬೂಟು ಬಿಚ್ಚಿ.